ಏಳನೆಯ ಚೌಕಟ್ಟಿನ ಮೂಲೆ

ಮಾರ್ಚ್ 3, ಸೋಮವಾರ

ಈ ಪುಸ್ತಕವನ್ನು ತಿರುಗಿಸಿ ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳಲ್ಲಿ ಬೋಲ್ಟು ಬಿಗಿಯುವಾಗ ಕೇಳುವ ಟಕ್ಕುಗಳ ಲೆಕ್ಕವಿದೆ. ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಅಣ್ಣ ತೀರಿಕೊಂಡು ಮೂರು ವಾರ ಆಗುತ್ತಾ ಬಂತು.

ಬೆಳಿಗ್ಗೆ ಅತ್ತಿಗೆ ಊಟದ ಡಬ್ಬಿ ಎರಡು ಕಟ್ಟಿದ್ದರು. ಆಮೇಲೆ ಒಂದನ್ನು ಹಾಗೇ ಒಳಗೆ ತೆಗೆದುಕೊಂಡು ಹೋದರು. ನಾನು ನೋಡದವನ ಹಾಗೆ ಚಪ್ಪಲಿ ಹಾಕಿಕೊಂಡೆ.

ಬಸ್ಸು ರಿಪೇರಿಯ ಶೆಡ್ಡು ನಾವು ಬಿಟ್ಟ ಹಾಗೇ ನಿಂತಿದೆ. ಎಂಟು ಚೌಕಟ್ಟು, ಒಂದರ ಹಿಂದೆ ಒಂದು. ನಕ್ಷೆಯಲ್ಲಿ ಪೋರ್ಟಲ್ ಫ್ರೇಮ್ ಎಂದು ಬರೆದಿರುತ್ತಾರೆ, ನಮ್ಮ ಬಾಯಲ್ಲಿ ಅದು ಚೌಕಟ್ಟು. ಎರಡು ಕಂಬ, ಅವುಗಳ ತಲೆಯಿಂದ ಏರಿ ನೆತ್ತಿಯಲ್ಲಿ ಕೂಡುವ ಎರಡು ತೊಲೆ. ನಡುವೆ ಒಂದೂ ಕಂಬವಿಲ್ಲ, ಬಸ್ಸು ಒಳಗೇ ತಿರುಗಬೇಕಲ್ಲ. ಇನ್ನು ತಗಡು ಹೊದಿಸಿದರೆ ಮುಗಿಯಿತು.

ತಗಡಿಗೆ ಮೊದಲು ನೆತ್ತಿಯಿಂದ ನೆತ್ತಿಗೆ ದಾರ ಎಳೆದು ನೋಡುತ್ತೇವೆ. ಫಿಟ್ಟರು ಕ್ರೇನಿನ ಬುಟ್ಟಿಯಲ್ಲಿ ಹೋಗಿ ದಾರ ಕಟ್ಟಿದ. ನಾನು ಕೆಳಗಿನಿಂದ ನೋಡಿದೆ. ಏಳನೆಯ ಚೌಕಟ್ಟಿನ ನೆತ್ತಿ ದಾರಕ್ಕೆ ತಾಗಲೇ ಇಲ್ಲ. ಮೂರು ಬೆರಳು ಕೆಳಗಿದೆ.

ಅಣ್ಣ ನಿಲ್ಲಿಸಿದ ಚೌಕಟ್ಟು. ದಾರವೇ ಸರಿಯಿಲ್ಲದಿರಬಹುದು.

ಮಾರ್ಚ್ 4, ಮಂಗಳವಾರ

ದಾರ ಬದಲಾಯಿಸಿದೆವು. ಮೂರೇ ಬೆರಳು. ಕಣ್ಣು ತೊಳೆದುಕೊಂಡು ಬಂದು ನೋಡಿದೆ. ಮೂರೇ ಬೆರಳು.

ಕ್ರೇನು ಓಡಿಸುವವನಿಗೆ ಉದ್ದನೆಯ ಕತ್ತು, ಅದಕ್ಕೇ ಎಲ್ಲರೂ ಕೊಕ್ಕರೆ ಎನ್ನುತ್ತಾರೆ. ಅವನು ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, "ಚಿಕ್ಕೋರೇ, ಸಾಯಂಕಾಲದ ತನಕ ಮುಖ ತೊಳೀತಾನೇ ಇರಿ, ಕಬ್ಬಿಣಕ್ಕೆ ನಾಚಿಕೆಯಾಗಿ ಮೇಲೆ ಬಂದ್ರೂ ಬರಬಹುದು" ಎಂದ. ಅಣ್ಣ ದೊಡ್ಡೋರು, ನಾನು ಚಿಕ್ಕೋರು. ಐವತ್ತೆರಡು ವರ್ಷವಾದರೂ ಚಿಕ್ಕೋರೇ.

ಕಂಬಗಳಿಗೆ ತೂಗುಗುಂಡು ಬಿಟ್ಟು ನೋಡಿದೆ. ಬಲಗಡೆಯ ಕಂಬದ ತಲೆ ಅರ್ಧ ಬೆರಳು ಹೊರಗೆ ವಾಲಿದೆ. ಎಡಗಡೆಯದೂ ಅರ್ಧ ಬೆರಳು, ಅದರ ಹೊರಗೆ. ಎರಡೂ ಒಂದೇ ದಿಕ್ಕಿಗೆ ವಾಲಿದ್ದರೆ ಗಾಳಿ ತಳ್ಳಿತು ಅನ್ನಬಹುದಿತ್ತು. ಒಂದು ಆ ಕಡೆ, ಒಂದು ಈ ಕಡೆ, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಇದ್ಯಾವ ಗಾಳಿಯೋ ನನಗೆ ತಿಳಿಯಲಿಲ್ಲ. ಕಂಬದ ಬುಡದ ತಟ್ಟೆ, ಕೆಳಗೆ ತುಂಬಿದ ಗಾರೆ ಎಲ್ಲ ಮುಟ್ಟಿ ನೋಡಿದೆ. ಬಿರುಕಿಲ್ಲ.

ಆರನೆಯದು ಒಂದು ಬೆರಳು ಕೆಳಗಿದೆ. ಅದನ್ನು ಯಾರಿಗೂ ಹೇಳಲಿಲ್ಲ. ಎಂಟನೆಯದು ಸರಿಯಾಗಿದೆ. ಆರು ಸ್ವಲ್ಪ, ಏಳು ಜಾಸ್ತಿ, ಎಂಟು ಇಲ್ಲ. ಇದಕ್ಕೆ ಏನರ್ಥ?

ಮಾರ್ಚ್ 6, ಗುರುವಾರ

ಗುತ್ತಿಗೆಯ ಯಜಮಾನರು ಬಂದಿದ್ದರು. ತಗಡಿನವರು ಹದಿನೈದಕ್ಕೆ ಬರುತ್ತಾರಂತೆ. ಫಿಟ್ಟರುಗಳನ್ನು ಅಲ್ಲಿಯವರೆಗೆ ಬೇರೆ ಕಡೆಗೆ ಕಳಿಸಿದ್ದಾರೆ. ಇಂಜಿನಿಯರ್ ಮೇಡಂ ಸೋಮವಾರ ಬಂದು ನೋಡಿ ಸಹಿ ಹಾಕುತ್ತಾರಂತೆ.

"ಎಲ್ಲಾ ಸರಿ ಇದೆ ತಾನೇ?" ಎಂದು ಕೇಳಿದರು.

"ನೋಡ್ತಾ ಇದೀನಿ" ಎಂದೆ.

"ನೋಡೋದೇನು ಬಂತು, ನಿಮ್ಮಣ್ಣನ ಕೈ ಅಲ್ವಾ" ಎಂದು ಹೊರಟುಹೋದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಣ್ಣನನ್ನು ಕೇಳಿದ್ದೆ, ಇಷ್ಟಗಲದ ಶೆಡ್ಡು ನಡುವೆ ಕಂಬವಿಲ್ಲದೆ ಹೇಗೆ ನಿಲ್ಲುತ್ತೆ ಎಂದು. ನಾನು ಓದಿದ್ದು ಏಳನೆಯ ತರಗತಿಯವರೆಗೆ, ಅವನು ಐದರವರೆಗೆ. ಅವನು ಅಡುಗೆಮನೆಯ ಮೇಜನ್ನು ಅಲ್ಲಾಡಿಸಿ ತೋರಿಸಿದ. "ಕಾಲು ಅಲ್ಲಾಡ್ತಾ ಇದೆ. ಅದಕ್ಕೆ ಅಂತ ಮಧ್ಯದಲ್ಲಿ ಐದನೇ ಕಾಲು ಕೊಡ್ತಾರೇನೋ? ಮೂಲೆ ಬಿಗಿ ಮಾಡ್ತಾರೆ. ನಮ್ಮದೂ ಅಷ್ಟೇ. ಕಂಬಾನೂ ತೊಲೇನೂ ಕೂಡೋ ಮೂಲೆ ಬಿಗಿಯಾಗಿದ್ರೆ ಎಲ್ಲಾ ಒಂದೇ ಕಬ್ಬಿಣ. ಸಡಿಲ ಆದ್ರೆ ಬರೀ ನಾಲ್ಕು ಕೋಲು." ಅದಕ್ಕೇ ತೊಲೆ ಮೂಲೆಗೆ ಬರುತ್ತಾ ದಪ್ಪವಾಗುತ್ತದೆ, ಅದಕ್ಕೇ ಮೂಲೆಗೆ ಹತ್ತು ಬೋಲ್ಟು. ಇಷ್ಟು ನನಗೆ ಗೊತ್ತು.

ಮೂಲೆ ಬಿಗಿ ಇದೆ. ಕೆಳಗಿನಿಂದಲೇ ಹಳದಿ ಗೆರೆ ಕಾಣುತ್ತದೆ. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಬೋಲ್ಟನ್ನು ಎಳೆದರೆ, ಬೇಕಾದಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ಅಣ್ಣ ಮೇಲೆ ಎಳೆಯುವುದು, ನಾನು ಕೆಳಗೆ ನಿಂತು ಒಂದು ಟಕ್ಕಿಗೆ ಒಂದು ಗೀಟು ಹಾಕುವುದು. ಎಳೆದಾದ ಬೋಲ್ಟಿನ ಮೇಲೆ ಅವನು ಹಳದಿ ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಆ ಬಣ್ಣದ ಡಬ್ಬಿಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಹಳದಿ ಇದೆ ಎಂದರೆ ಮುಗಿದ ಮಾತು.

ಆದರೂ ಮೂರು ಬೆರಳು.

ಮಾರ್ಚ್ 7, ಶುಕ್ರವಾರ

ಹೋದೆ. ನೋಡಿದೆ. ಬಂದೆ.

ಮಾರ್ಚ್ 8, ಶನಿವಾರ

ಮೂಲೆಯ ಮೇಲುಗಡೆ ಕೆಳಗಿನಿಂದ ಕಾಣುವುದಿಲ್ಲ. ಯಾರಾದರೂ ಹತ್ತಿ ನೋಡಬೇಕು. ಫಿಟ್ಟರುಗಳಿಲ್ಲ. ಇದ್ದಿದ್ದರೂ ಅಣ್ಣನ ಮೂಲೆಯನ್ನು ಅವರ ಕೈಯಲ್ಲಿ ನೋಡಿಸಲು ನನಗೆ ಇಷ್ಟವಿರಲಿಲ್ಲ.

ನಾನು ಹತ್ತುವುದಿಲ್ಲ. ಹದಿನಾಲ್ಕು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡೆ. ಆಮೇಲೆ ನೆಲದ ಕೆಲಸವೇ.

ಗಾಲಿಯ ಅಟ್ಟಣಿಗೆಯನ್ನು ಏಳನೆಯದರ ಬಲಮೂಲೆಗೆ ತಳ್ಳಿಕೊಂಡು ಹೋದೆ. ಕೊಕ್ಕರೆ ಊಟಕ್ಕೆ ಹೋಗಿದ್ದ. ಬೆಲ್ಟು ಕಟ್ಟಿಕೊಂಡೆ. ಮೆಟ್ಟಿಲು ಎಣಿಸುವುದು ಬೇಡ ಅಂದುಕೊಂಡರೂ ಎಣಿಸಿದೆ, ಇಪ್ಪತ್ತಾರು.

ಕಂಬದ ತಟ್ಟೆಗೂ ತೊಲೆಯ ತಟ್ಟೆಗೂ ನಡುವೆ ಮೇಲುಗಡೆ ಸಂದು ಬಿಟ್ಟಿದೆ. ಜೇಬಿನಲ್ಲಿದ್ದ ಗರಗಸದ ಬ್ಲೇಡು ಅದರೊಳಗೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಮೇಲಿನ ಬೋಲ್ಟಿನ ಮೇಲೆ ಹಳದಿ ಗೆರೆ ಇತ್ತು. ನೆಟ್ಟಗೆ, ಅಣ್ಣನ ಕೈಯದೇ. ನಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿದೆ. ತಿರುಗಿತು.

ಇಳಿದು ಬಂದು ಕಂಬದ ಬುಡದಲ್ಲಿ ಕುಳಿತೆ. ಕೊಕ್ಕರೆ ಬಂದು, "ಏನು ಚಿಕ್ಕೋರೇ, ಊಟ ಆಯ್ತಾ" ಎಂದ. ಆಯ್ತು ಎಂದೆ. ಡಬ್ಬಿ ತೆರೆದೇ ಇರಲಿಲ್ಲ.

ಅಣ್ಣ ಎಳೆಯದೆ ಗೆರೆ ಹಾಕಿದನೇ? ಹಾಕುವವನಲ್ಲ. ಆಮೇಲೆ ಯಾರಾದರೂ ಸಡಿಲ ಮಾಡಿದರೇ? ಹಾಗೆ ಮಾಡಿದ್ದರೆ ಗೆರೆ ಎರಡು ತುಂಡಾಗಿರಬೇಕು, ನಟ್ಟಿನ ಮೇಲೊಂದು, ತಟ್ಟೆಯ ಮೇಲೊಂದು. ಗೆರೆ ತುಂಡಾಗಿದ್ದು ನನ್ನ ಬೆರಳಲ್ಲೇ.

ಮಾರ್ಚ್ 9, ಭಾನುವಾರ

ಈ ಪುಸ್ತಕದ ಮುಂದಿನ ಹಾಳೆಗಳನ್ನು ನೋಡಿದೆ. ಫೆಬ್ರವರಿ 6, ಏಳನೆಯ ಚೌಕಟ್ಟು, ಇಪ್ಪತ್ತು ಗೀಟು. ನನ್ನದೇ ಅಕ್ಷರ. ಇಪ್ಪತ್ತು ಟಕ್ಕು ಕೇಳಿದ್ದೇನೆ ಎಂದಾಯಿತು. ಕೇಳಿದ್ದರೆ ನಟ್ಟು ಹೇಗೆ ತಿರುಗಿತು?

ತುಂಬ ಹೊತ್ತು ನೋಡಿದ ಮೇಲೆ ಒಂದು ಕಂಡಿತು. ಬೇರೆ ಹಾಳೆಗಳಲ್ಲಿ ಗೀಟುಗಳು ಸೊಟ್ಟಸೊಟ್ಟ. ಒಂದು ಟಕ್ಕಿಗೂ ಇನ್ನೊಂದಕ್ಕೂ ನಡುವೆ ಕತ್ತೆತ್ತಿ ನೋಡುತ್ತೇನೆ, ಮೂಗು ಒರೆಸಿಕೊಳ್ಳುತ್ತೇನೆ, ಪೆನ್ಸಿಲು ಜಾರುತ್ತದೆ. ಏಳನೆಯದರ ಇಪ್ಪತ್ತು ಗೀಟೂ ಒಂದೇ ಅಳತೆ, ಬಾಚಣಿಗೆಯ ಹಲ್ಲಿನ ಹಾಗೆ. ಒಂದೇ ಸಲಕ್ಕೆ ಎಳೆದದ್ದು. ಎಂಟನೆಯದೂ ಹಾಗೇ.

ಆಗ ನೆನಪಾಯಿತು. ಕ್ರೇನು ಗುರುಗುಡುತ್ತಿತ್ತು. ಏನೂ ಕೇಳುತ್ತಿರಲಿಲ್ಲ. ಅಣ್ಣ ಮೇಲಿನಿಂದ ಕೂಗಿದ, "ಇಪ್ಪತ್ತಾಯ್ತು, ಬರ್ಕೋ." ನಾನು ಬರೆದುಕೊಂಡೆ.

ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದರು. ಹೋಗಿ ಎದುರಿಗೆ ಕುಳಿತೆ. ಹೇಗೆ ಕೇಳಬೇಕೋ ತಿಳಿಯದೆ ಸುಮ್ಮನೆ ಒಂದು ಕಡ್ಡಿ ತೆಗೆದುಕೊಂಡು ನಾನೂ ಬಿಡಿಸಿದೆ.

"ಎಲೆ ಬಿಸಾಕಿ ಕಡ್ಡಿ ಇಟ್ಕೋತಾ ಇದೀಯ" ಎಂದರು. "ಏನಾಯ್ತು ಹೇಳು."

ಹೇಳಿದೆ. ಅವರ ಕೈ ನಿಂತಿತು.

"ಹೊಸ ವರ್ಷ ಆದ ಮೇಲೆ ಶುರುವಾಗಿದ್ದು" ಎಂದರು. "ಬಲಗೈ. ಮೊದಲು ಜೋಮು ಅಂದ್ರು. ಆಮೇಲೆ ತಂಬಿಗೆ ಎತ್ತೋಕ್ಕೂ ಆಗ್ತಿರಲಿಲ್ಲ. ಅಂಗಿ ಗುಂಡಿ ನಾನೇ ಹಾಕ್ತಿದ್ದೆ, ನೀನು ಏಳೋಕ್ಕೆ ಮೊದಲೇ. ಡಾಕ್ಟರ ಹತ್ರ ಹೋಗಿ ಅಂದ್ರೆ ಈ ಶೆಡ್ಡು ಮುಗೀಲಿ ಅಂದ್ರು. ಎದೆಯಿಂದ ಬಂದಿದ್ದು ಅಂತ ಯಾರಿಗೆ ಗೊತ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮೇಲೆ ಯಾರು ಹತ್ತೋರು?" ಎಂದರು. "ತಮ್ಮ ಹತ್ತಬೇಕಾಗುತ್ತೆ, ಬೇಡ, ಅಂದ್ರು. ಈಗ ಗೆರೆ ಹಾಕಿರ್ತೀನಿ, ಕೈ ಸರಿಹೋದ ಮೇಲೆ ಎಳೀತೀನಿ, ತಗಡು ಬರೋಕ್ಕೆ ಇನ್ನೂ ತಿಂಗಳಿದೆ ಅಂದ್ರು" ಎಂದರು.

ಸೊಪ್ಪಿನ ಮೇಲೆ ಕಣ್ಣಿಟ್ಟುಕೊಂಡೇ ಇನ್ನೊಂದು ಮಾತು ಹೇಳಿದರು. "ಗೀಟು ಹಾಕೋ ಕೆಲಸಾನೂ ನಿನಗೋಸ್ಕರ ಹುಟ್ಟಿಸಿದ್ದು. ನೀನು ಬಿದ್ದ ಮೇಲೆ ಕೆಲಸ ಬಿಡಿಸ್ತಾರೆ ಅಂತ. ಕೆಳಗೆ ಲೆಕ್ಕಕ್ಕೆ ಒಬ್ಬ ಬೇಕೇ ಬೇಕು ಅಂತ ಯಜಮಾನರ ಹತ್ರ ಜಗಳ ಆಡಿದ್ರು."

ಹದಿನಾಲ್ಕು ವರ್ಷದ ಪುಸ್ತಕಗಳು ಟ್ರಂಕಿನಲ್ಲಿವೆ. ಬೇರೆ ಗುಂಪಿನವರು ಲೆಕ್ಕ ಇಡುವುದೇ ಇಲ್ಲವೇ? ಯಾರನ್ನು ಕೇಳಲಿ?

ಮಾರ್ಚ್ 10, ಸೋಮವಾರ

ಮೇಡಂ ಮಧ್ಯಾಹ್ನ ಬರುವವರಿದ್ದರು. ಬೆಳಿಗ್ಗೆ ಕೊಕ್ಕರೆಗೆ ಮಾತ್ರ ಹೇಳಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

"ಇದನ್ನ ಊರಿಗೆಲ್ಲಾ ಸಾರಬೇಕಾ? ನಾನು ನೆತ್ತಿ ಎತ್ತಿ ಹಿಡೀತೀನಿ, ನೀವು ಎಳೆದುಬಿಡಿ. ಹಳದಿ ಇದ್ದೇ ಇದೆ. ದೊಡ್ಡೋರ ಹೆಸರೂ ಉಳಿಯುತ್ತೆ."

ಹೌದು ಅನ್ನಿಸಿತು. ತಪ್ಪು ಅನ್ನಿಸಿತು. ಏಳನ್ನು ಎಳೆಯಬಹುದು. ಆರು? ಎಂಟು? ಮೊದಲಿನ ಐದು? ಹಳದಿ ಎಲ್ಲದರ ಮೇಲೂ ಇದೆ. ಒಂದು ಹಳದಿ ಸುಳ್ಳಾದರೆ ಯಾವ ಹಳದಿಯನ್ನು ನಂಬುವುದು? ಒಳಗೆ ಅರವತ್ತು ಜನ ಬಸ್ಸಿನ ಕೆಳಗೆ ಮಲಗಿಕೊಂಡು ಕೆಲಸ ಮಾಡುತ್ತಾರಂತೆ. ಮಲಗಿದವರಿಗೆ ಮೇಲಿನಿಂದ ಬರುವುದು ಬೇಗ ಕಾಣುವುದೂ ಇಲ್ಲ.

ಮೇಡಂ ಬಂದರು. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ದುರ್ಬೀನಿನಲ್ಲಿ ಮೂಲೆಗಳನ್ನು ನೋಡುತ್ತಾ ನಡೆದರು. "ಎಲ್ಲಾ ಮಾರ್ಕ್ ಆಗಿದೆ, ಚೆನ್ನಾಗಿದೆ" ಎಂದರು. ಅಣ್ಣನ ವಿಷಯ ಕೇಳಿ ಬೇಜಾರಾಯಿತು ಎಂದರು. ಏಳನೆಯದರ ಹತ್ತಿರ ಬಂದರು.

ನಾನು ಏನೂ ಹೇಳಲಿಲ್ಲ. ಅವರ ಫೋನು ಬಂತು, ಉಳಿದದ್ದು ನಾಳೆ ನೋಡುತ್ತೇನೆ ಎಂದು ಹೋದರು.

ಸಂಜೆ ಅತ್ತಿಗೆ "ಹೇಳಿದೆಯಾ" ಎಂದರು. ತಲೆಯಾಡಿಸಿದೆ. ಹೌದು ಎಂದೋ ಇಲ್ಲವೆಂದೋ ನನಗೇ ಗೊತ್ತಾಗದ ಹಾಗೆ. ಅವರು ಇನ್ನೊಮ್ಮೆ ಕೇಳಲಿಲ್ಲ. ಮೇಜಿನ ಕಾಲು ಮತ್ತೆ ಅಲ್ಲಾಡುತ್ತಿದೆ.

ಮಾರ್ಚ್ 11, ಮಂಗಳವಾರ

ಹೇಳಿದೆ.

ಮೇಡಂ ಸಹಿಯ ಕಾಗದ ತೆಗೆದು ಕಾರಿನ ಮುಂಭಾಗದ ಮೇಲೆ ಹರಡಿದರು. ಆಗ ಬಾಯಿಂದ ಬಂತು, "ಮೇಡಂ, ಹಳದಿ ನಂಬಬೇಡಿ."

ಈ ಪುಸ್ತಕ ಕೊಟ್ಟೆ. ಅವರು ಹಾಳೆ ತಿರುಗಿಸುತ್ತಾ, "ಇದೇನಿದು, ಪ್ರತಿ ಬೋಲ್ಟಿಗೂ ಗೀಟಾ? ನಾನು ಎಲ್ಲೂ ನೋಡಿಲ್ಲ" ಎಂದರು. ಎಲ್ಲೂ ಇಲ್ಲ ಮೇಡಂ ಎಂದೆ. ಬಾಚಣಿಗೆಯಂಥ ಗೀಟುಗಳನ್ನು ತೋರಿಸಿ, ಇವು ನಾನು ಕೇಳದೆ ಬರೆದವು ಎಂದೆ. ಅಣ್ಣನ ಕೈ ವಿಷಯವನ್ನೂ ಹೇಳಿದೆ. ಹೇಳುವಾಗ ಯಾರದೋ ಮನೆಯ ಕದ ತೆರೆದು ಒಳಗಿನದನ್ನು ಬೀದಿಗೆ ತೋರಿಸಿದ ಹಾಗಾಯಿತು.

"ಕೈ ಯಾವಾಗಿಂದ?" ಎಂದು ಕೇಳಿದರು.

"ಹೊಸ ವರ್ಷ ಆದ ಮೇಲೆ."

"ಅದಕ್ಕೆ ಮುಂಚಿನ ಶೆಡ್ಡು?"

"ಡಿಸೆಂಬರಿಗೇ ಮುಗಿದಿತ್ತು. ಆ ಪುಸ್ತಕದಲ್ಲಿ ಗೀಟೆಲ್ಲಾ ಸೊಟ್ಟ ಇದೆ, ನಿನ್ನೆ ನೋಡಿದೆ."

ಅವರು ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕಡ್ಡಿಯಿಂದ ಚೌಕಟ್ಟಿನ ಚಿತ್ರ ಬರೆದರು. ಮೂಲೆ ಮೇಲುಗಡೆ ಬಾಯಿ ಬಿಟ್ಟರೆ ನೆತ್ತಿ ಇಳಿಯುತ್ತದೆ, ಇಳಿದ ನೆತ್ತಿ ಎರಡು ಕಂಬವನ್ನೂ ಹೊರಗೆ ನೂಕುತ್ತದೆ. ಒಂದು ಆ ಕಡೆ, ಒಂದು ಈ ಕಡೆ. ಎಂಟನೆಯದು ಕೊನೆಯ ಗೋಡೆಯದು, ಗೋಡೆಗೆಂದು ನಿಲ್ಲಿಸಿದ ಸಣ್ಣ ಕಂಬಗಳು ಅದನ್ನು ಹೊತ್ತುಕೊಂಡಿವೆ, ಹಾಗಾಗಿ ತೋರಿಸಿಕೊಟ್ಟಿಲ್ಲ. ಏಳನೆಯದಕ್ಕೆ ಯಾರೂ ಇಲ್ಲ. ತಗಡಿನ ಭಾರ ಬಿದ್ದ ಮೇಲೆ ಜೋರು ಗಾಳಿ ಬಂದಿದ್ದರೆ ಎಂದು ಶುರುಮಾಡಿ, ಪೂರ್ತಿ ಹೇಳದೆ ಕಡ್ಡಿ ಬಿಸಾಕಿದರು.

ಸಹಿ ಹಾಕಲಿಲ್ಲ. ನೂರ ಅರವತ್ತು ಬೋಲ್ಟನ್ನೂ ಮತ್ತೆ ಎಳೆದು ನೋಡಬೇಕು, ನೋಡಿದ್ದಕ್ಕೆ ಬಿಳಿ ಗೆರೆ. ಯಜಮಾನರು ಫೋನಿನಲ್ಲಿ ಕೂಗಾಡಿದರು. ಅವರು ನಿಮ್ಮಣ್ಣ ಎಂದು ಶುರುಮಾಡಿದಾಗ ಮೇಡಂ ಫೋನು ತೆಗೆದುಕೊಂಡು ದೂರ ಹೋದರು.

ಕೊಕ್ಕರೆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮಾರ್ಚ್ 13, ಗುರುವಾರ

ನಿನ್ನೆ ಇವತ್ತು ಎರಡೂ ದಿನ ಮೇಲೆಯೇ. ಒಂದರಿಂದ ಐದರವರೆಗೆ ಎಲ್ಲಾ ಬಿಗಿ. ಸ್ಪ್ಯಾನರು ಹಾಕಿದ ಕೂಡಲೇ ಟಕ್. ನೂರು ಬೋಲ್ಟು, ನೂರೂ ಸರಿ. ಪ್ರತಿ ಸಲ ಟಕ್ ಎಂದಾಗಲೂ ಕೆಳಗೆ ಕೊಕ್ಕರೆಯ ಕಡೆ ನೋಡುತ್ತಿದ್ದೆ. ನೂರನೆಯದಕ್ಕೆ ಅವನು ಕ್ಯಾಬಿನ್ನಿನಿಂದ ಕೈ ಎತ್ತಿದ.

ಮಧ್ಯಾಹ್ನ ಆರನೆಯದು. ಎಡಮೂಲೆ ಹತ್ತೂ ಬಿಗಿ. ಬಲಮೂಲೆಯಲ್ಲಿ ಅಣ್ಣ ಯಾವಾಗಲೂ ಕೆಳಗಿನಿಂದ ಶುರುಮಾಡುತ್ತಿದ್ದ. ಒಂದು, ಟಕ್. ಎರಡು, ಟಕ್. ಮೂರು, ಟಕ್. ನಾಲ್ಕು, ಟಕ್. ಐದನೆಯದು ತಿರುಗಿತು.

ಐದನೆಯದರಿಂದ ಎಲ್ಲವೂ ತಿರುಗಿದವು.

ನಾಲ್ಕನೆಯದರ ಸುತ್ತ ತಟ್ಟೆಯ ಬಣ್ಣ ಕೆತ್ತಿಹೋಗಿದೆ. ಸ್ಪ್ಯಾನರು ಜಾರಿ ಜಾರಿ ಬಡಿದ ಗುರುತು, ಏಳೆಂಟು ಇರಬಹುದು. ಅಷ್ಟು ಸಲ ಎಳೆದಿದ್ದಾನೆ ಅದೊಂದನ್ನು. ಕೆಳಗೆ ನಾನಿದ್ದೆ. ಪುಸ್ತಕ ನೋಡಿದೆ, ಫೆಬ್ರವರಿ 5. ಆರನೆಯದರ ಹದಿನಾಲ್ಕನೆಯ ಗೀಟಿನ ತನಕ ಸೊಟ್ಟ, ಆಮೇಲೆ ನೆಟ್ಟಗೆ. ಹದಿಮೂರಕ್ಕೂ ಹದಿನಾಲ್ಕಕ್ಕೂ ನಡುವೆ ಹಾಳೆಯ ಅಂಚಿನಲ್ಲಿ ಒಂದು ಹಕ್ಕಿಯ ಚಿತ್ರ ಬರೆದಿದ್ದೇನೆ. ಹೊತ್ತು ಹೋಗದೆ ಬರೆದದ್ದು. ಪುಕ್ಕ ಎಲ್ಲ ತುಂಬಿದ್ದೇನೆ.



ಮಾರ್ಚ್ 14, ಶುಕ್ರವಾರ

ಆರು ಮುಗಿಯಿತು. ಎಂಟು ಮುಗಿಯಿತು. ಎಂಟರ ಮೇಲಿನಿಂದ ಬಸ್ಸು ನಿಲ್ಲುವ ಬಯಲು ಪೂರ್ತಿ ಕಾಣುತ್ತದೆ, ಅದರಾಚೆ ನಮ್ಮ ಬೀದಿಯ ನೀರಿನ ಟ್ಯಾಂಕು ಕೂಡ. ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವರು ನನ್ನನ್ನು ಒಂದು ಥರಾ ನೋಡಿದರು.

ಊಟ ಮಾಡುತ್ತಾ, "ನಾಳೆ ಏಳನೇದಾ?" ಎಂದರು. "ನಾನೂ ಬರ್ತೀನಿ. ಅವರ ಕೆಲಸ ನಾನು ಒಂದು ದಿನಾನೂ ನೋಡಿಲ್ಲ."

ಊಟ ಆದ ಮೇಲೆ ಮೇಜು ಮಗುಚಿ ಹಾಕಿ ಮೂಲೆಯ ಸ್ಕ್ರೂ ಬಿಗಿ ಮಾಡಿದೆ.

ಮಾರ್ಚ್ 15, ಶನಿವಾರ

ತಗಡಿನವರು ಬರುವುದು ಸೋಮವಾರಕ್ಕೆ ಹೋಯಿತು.

ಅತ್ತಿಗೆ ಎರಡು ಡಬ್ಬಿ ತಂದಿದ್ದರು, ನನ್ನದೊಂದು ಅವರದೊಂದು. ಮೇಡಂ ಅತ್ತಿಗೆಯ ತಲೆಗೆ ಹಳದಿ ಟೋಪಿ ಹಾಕಿಸಿ ಏಳನೆಯದರಿಂದ ದೂರದಲ್ಲಿ ಒಂದು ಹಲಗೆಯ ಮೇಲೆ ಕೂರಿಸಿದರು. ಅತ್ತಿಗೆ ಕತ್ತೆತ್ತಿ ತುಂಬ ಹೊತ್ತು ನೋಡಿದರು. "ಇಷ್ಟೆತ್ತರ ಅಂತ ಹೇಳೇ ಇರಲಿಲ್ಲ" ಎಂದರು.

"ಹೇಳಿದ್ರೆ ಬಿಡ್ತಿರಲಿಲ್ಲವಲ್ಲ ನೀವು" ಎಂದ ಕೊಕ್ಕರೆ.

ಕ್ರೇನಿನ ಕೊಕ್ಕೆಗೆ ನೆತ್ತಿಯನ್ನು ಕಟ್ಟಿದೆವು. ಕೊಕ್ಕರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಿದ. ಒಂದು ಬೆರಳು, ಎರಡು, ಮೂರು. ದಾರಕ್ಕೆ ತಾಗಿತು. ನಾನು ಮೂಲೆಯಲ್ಲಿದ್ದೆ, ಸಂದು ಮುಚ್ಚಿಕೊಳ್ಳುವುದನ್ನು ಕಣ್ಣಾರೆ ನೋಡಿದೆ. ಕೊಕ್ಕರೆ ಹಾಗೇ ಹಿಡಿದುಕೊಂಡು ಇಂಜಿನ್ನು ಆರಿಸಿದ. "ಕೇಳಿಸಬೇಕಲ್ಲ" ಎಂದ.

ಮೇಡಂ ಅಳತೆಪಟ್ಟಿ ಹಿಡಿದು ಕಂಬದ ಬುಡದಲ್ಲಿದ್ದರು. ಗೀಟು ಹಾಕಲು ಯಾರೂ ಇರಲಿಲ್ಲ. ಅತ್ತಿಗೆ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದುಕೊಂಡರು.

ಎಡಮೂಲೆ ಆಯಿತು. ಅಟ್ಟಣಿಗೆ ತಳ್ಳಿಕೊಂಡು ಬಲಮೂಲೆಗೆ ಬಂದೆ. ಎಳೆಯುವುದು, ಅಣ್ಣನ ಹಳದಿಯ ಪಕ್ಕದಲ್ಲಿ ಬಿಳಿ ಗೆರೆ ಹಾಕುವುದು, ಮುಂದಿನದು. ಹಳದಿಯನ್ನು ಒರೆಸಲಿಲ್ಲ, ಒರೆಸು ಎಂದು ಯಾರೂ ಹೇಳಲಿಲ್ಲ. ತೋಳು ನೋಯುತ್ತಿತ್ತು. ಕೊನೆಯ ಗೆರೆ ಎಳೆದು, ಬ್ರಷ್ಷು ಡಬ್ಬಿಯಲ್ಲಿಟ್ಟು, ಕೆಳಗೆ ಕೂಗಿದೆ.

"ಇಪ್ಪತ್ತಾಯ್ತು, ಬರ್ಕೊಳ್ಳಿ."

ಅತ್ತಿಗೆ ಪುಸ್ತಕ ನೋಡಿದರು. "ಹತ್ತೊಂಬತ್ತು."

"ಇಪ್ಪತ್ತು ಅತ್ತಿಗೆ. ಎಲ್ಲಾ ಗೆರೆ ಹಾಕಿದೀನಿ."

"ಗೆರೆ ನನಗೆ ಕಾಣಲ್ಲ. ನಾನು ಕೇಳಿಸಿಕೊಂಡಿದ್ದು ಹತ್ತೊಂಬತ್ತು. ಹತ್ತೊಂಬತ್ತೇ ಬರೀತೀನಿ."

ಕೊಕ್ಕರೆ, "ಅಕ್ಕಾ, ಒಂದು ತಪ್ಪಿರಬಹುದು ಬಿಡಿ, ಮೊದಲನೇ ದಿನ" ಎಂದ. ಅವರು ಅವನ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತಾ ಪೆನ್ಸಿಲು ಹಿಡಿದುಕೊಂಡು ಕುಳಿತರು.

ಮತ್ತೆ ಕೆಳಗಿನಿಂದ ಶುರುಮಾಡಿದೆ. ಒಂದೊಂದಕ್ಕೂ ಸ್ಪ್ಯಾನರು ಹಾಕಿ ಕೈಯಲ್ಲಿ ಒತ್ತಿ ನೋಡಿದೆ. ಏಳನೆಯ ಬೋಲ್ಟಿನವರೆಗೂ ಅಲುಗಲಿಲ್ಲ. ಎಂಟನೆಯ ಬೋಲ್ಟಿನ ಮೇಲೆ ಬಿಳಿ ಗೆರೆ ಇತ್ತು, ಇನ್ನೂ ಹಸಿ, ನೆಟ್ಟಗೆ, ನನ್ನ ಕೈಯದೇ. ಸ್ಪ್ಯಾನರು ಹಾಕಿದೆ. ತಿರುಗಿತು.

ಹೇಗೆ ಬಿಟ್ಟೆನೋ ಗೊತ್ತಿಲ್ಲ. ನನ್ನ ಕೈಗೆ ಏನೂ ಆಗಿರಲಿಲ್ಲ.

ಎರಡೂ ಕಾಲು ಊರಿ ಎಳೆದೆ. ಟಕ್ ಎಂದಿತು. ಖಾಲಿ ಶೆಡ್ಡಿನಲ್ಲಿ ಆ ಕೊನೆಯ ತನಕ ಕೇಳಿಸಿತು.

"ಇಪ್ಪತ್ತು" ಎಂದರು ಅತ್ತಿಗೆ, ಬರೆದುಕೊಂಡರು.

ಮನೆಗೆ ಬಂದು ಆ ಹಾಳೆ ನೋಡಿದೆ. ಹತ್ತೊಂಬತ್ತು ಸೊಟ್ಟ ಗೀಟು, ಸ್ವಲ್ಪ ಜಾಗ, ಇನ್ನೊಂದು ಗೀಟು.